ಅಕ್ಷರ ನಮ್ಮದು, ಅಂಕಿ ಯಾರದು?

ಅಕ್ಷರ ಅನ್ನೋದು ಮೇಲಿನವರು ಕೊಟ್ಟು ಕೆಳಗಿನವರು ಕೈಯೊಡ್ಡಿ ಪಡೆಯುವ ದಾನ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಈ ನಂಬಿಕೆಯನ್ನು ಒಡೆಯುವ ಚರಿತ್ರೆಯೊಂದು ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರದು. ಸೆಕ್ವೋಯ ಎಂಬಾತ ಬೆಳ್ಳಿ ಕೆಲಸದವನು, ಇಂಗ್ಲಿಷ್ ಓದಲು ಬಾರದವನು. ವರ್ಷಗಟ್ಟಲೆ ತಿಣುಕಿ 1821ರ ಹೊತ್ತಿಗೆ ತನ್ನ ನುಡಿಗೆ ತಾನೇ ಲಿಪಿ ಕಟ್ಟಿದ. ನಮ್ಮ ಕಾಗುಣಿತದಲ್ಲಿ ಕ, ಕಿ, ಕುಗಳಿಗೆ ಒಂದೇ ಮೂಲ ಆಕಾರವಿದೆ. ಅಲ್ಲಿ ಹಾಗಲ್ಲ, ಒಂದೊಂದು ಉಚ್ಚಾರಕ್ಕೂ ಒಂದೊಂದು ಸ್ವತಂತ್ರ ಗುರುತು. ಅಂಥವು 86. ಒಬ್ಬರಿಂದೊಬ್ಬರು ಕಲಿತು ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಓದುಬರಹ ಬಲ್ಲವರಾದರು.

ಬರೆಯೋದಕ್ಕೆ ಕೈ ಸಾಕು. ಅಚ್ಚು ಹಾಕೋದಕ್ಕೆ ಮೊಳೆ ಬೇಕು, ಯಂತ್ರ ಬೇಕು, ದುಡ್ಡು ಬೇಕು. ಚೆರೋಕೀ ಮೊಳೆಗಳ ಎರಕವಾದದ್ದು ಬಾಸ್ಟನ್ನಿನಲ್ಲಿ. ಇದಕ್ಕೆ ನೆರವಾದ ಪಾದ್ರಿ ಸ್ಯಾಮ್ಯುಯೆಲ್ ವೂಸ್ಟರ್ ಸೆಕ್ವೋಯನ ಅಕ್ಷರಕ್ರಮ ಬಿಟ್ಟು ತನ್ನ ಕ್ರಮದಲ್ಲಿ ಜೋಡಿಸಿದ. ಅಚ್ಚಿನ ಆಕಾರಗಳೂ ಸೆಕ್ವೋಯನ ಕೈಬರಹದಿಂದ ಬೇರೆಯಾದವು. ಒಂದಕ್ಷರ ಅಚ್ಚಿನಿಂದಲೇ ಹೊರಗುಳಿದು 85 ಉಳಿದವು. ವೂಸ್ಟರ್ ವೈರಿಯಲ್ಲ, ಚೆರೋಕೀಗಳ ಪರ ನಿಂತು ಜೈಲಿಗೂ ಹೋದವನು. ಆದರೆ ಗೆಳೆಯ ಜೋಡಿಸಿದ ಕ್ರಮವೂ ಯಜಮಾನಿಕೆಯಾಗಿ ಉಳಿದುಬಿಡಬಹುದು ಎಂಬುದನ್ನು ಮುಂದಿನ ಚರಿತ್ರೆ ತೋರಿಸುತ್ತದೆ.

1828ರ ಫೆಬ್ರವರಿ 21ರಂದು ನ್ಯೂ ಎಕೋಟದಲ್ಲಿ 'ಚೆರೋಕೀ ಫೀನಿಕ್ಸ್' ಪತ್ರಿಕೆ ಹೊರಬಂತು. 1835ರಲ್ಲಿ ಜಾರ್ಜಿಯಾ ರಾಜ್ಯದ ಪಡೆ ಆ ಮುದ್ರಣಯಂತ್ರವನ್ನೇ ಹೊತ್ತೊಯ್ದಿತು. 1838-39ರಲ್ಲಿ ಇಡೀ ಜನಾಂಗವನ್ನು ನೆಲ ಬಿಡಿಸಿ ಪಶ್ಚಿಮಕ್ಕೆ ಅಟ್ಟಲಾಯಿತು. ಸಾವಿರಾರು ಜನ ಸತ್ತರು. ಲಿಪಿ ಮಾತ್ರ ಜನರ ಜೊತೆ ನಡೆದುಹೋಯಿತು.

ಇನ್ನು ಕಂಪ್ಯೂಟರಿನ ಕಾಲ. ಕಂಪ್ಯೂಟರಿಗೆ ಅಕ್ಷರವೆಂದರೆ ಆಕಾರವಲ್ಲ, ಒಂದು ಸಂಖ್ಯೆ. ಸಂಖ್ಯೆ ಇಲ್ಲದ ಅಕ್ಷರ ಅದರ ಲೆಕ್ಕಕ್ಕೇ ಇಲ್ಲ. ಹಾಗಾಗಿ ಬಹಳ ಕಾಲ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಚೆರೋಕೀ ಆಕಾರ ತೊಡಿಸಿ ಕೆಲಸ ಸಾಗಿಸಿದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ನುಡಿ, ಬರಹದ ಹಳೆ ಫಾಂಟುಗಳಲ್ಲಿ ಬರೆದ ನಮಗೂ ಈ ಪಾಡು ಗೊತ್ತೇ ಇದೆ.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಚೆರೋಕೀಗೆ ಸಿಕ್ಕಿದ್ದು 1999ರಲ್ಲಿ. ಕೊಟ್ಟದ್ದು 85 ಅಕ್ಷರಕ್ಕೆ, ಅದೂ ವೂಸ್ಟರ್ ಕ್ರಮದಲ್ಲಿ! ಚೆರೋಕೀ ಅಚ್ಚಿನಲ್ಲಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿ ಹಾಕುವ ರೂಢಿಯಿತ್ತು. ಆದರೆ ದೊಡ್ಡಕ್ಷರ, ಸಣ್ಣಕ್ಷರದ ಭೇದಕ್ಕೆ ಜಾಗ ಸಿಗಲಿಲ್ಲ. ಸಣ್ಣಕ್ಷರಗಳೂ ಬಿಟ್ಟುಹೋಗಿದ್ದ 86ನೆಯ ಅಕ್ಷರವೂ ಸೇರಿದ್ದು 2015ರಲ್ಲಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಹಾಗಾಗಿ ಮೊದಲು ಬಂದವು ದೊಡ್ಡಕ್ಷರಗಳಾದವು. ಸಣ್ಣವುಗಳಲ್ಲಿ ಹೆಚ್ಚಿನವು ದೂರದ ಬೇರೊಂದು ಕಡೆ ಕೂರಬೇಕಾಯಿತು. ಮೊದಲ ದಿನ ಪಟ್ಟಿ ಬರೆದವರ ತೀರ್ಮಾನಕ್ಕೆ ಎಷ್ಟು ಆಯುಷ್ಯ ನೋಡಿ!

ಇಷ್ಟಾದರೂ ಚೆರೋಕೀಗಳು ಸುಮ್ಮನೆ ಕೂರಲಿಲ್ಲ. ಚೆರೋಕೀ ನೇಷನ್ನಿನ ಭಾಷಾ ಕಾರ್ಯಕರ್ತರು ಆಪಲ್ ಕಂಪನಿಯ ಬೆನ್ನುಹತ್ತಿ 2010ರಲ್ಲಿ ಐಫೋನಿಗೆ ತಮ್ಮ ಲಿಪಿ ತರಿಸಿಕೊಂಡರು.

ಹಾಗಂತ ಸೆಕ್ವೋಯನನ್ನು ನಾವು ಪೂಜೆಗೆ ಕೂರಿಸಬೇಕಿಲ್ಲ. ಇದೇ ಚೆರೋಕೀಗಳಲ್ಲಿ ಉಳ್ಳವರು ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರ 1827ರ ಸಂವಿಧಾನ ಕರಿಯರಿಗೆ ಮತದ ಹಕ್ಕು ನಿರಾಕರಿಸಿತು. ಸ್ವಂತ ಲಿಪಿ ಇದ್ದ ಮಾತ್ರಕ್ಕೆ ಒಳಗಿನ ಮೇಲುಕೀಳು ಕರಗುವುದಿಲ್ಲ.

ದಲಿತ ವಿಮರ್ಶೆ ಇಲ್ಲಿಯವರೆಗೆ ಪಠ್ಯದೊಳಗೆ ಯಾರ ದನಿ ಇದೆ, ಯಾರದಿಲ್ಲ ಎಂದು ಕೇಳುತ್ತ ಬಂದಿದೆ. ಆ ಪ್ರಶ್ನೆಯನ್ನು ಪಠ್ಯದ ಕೆಳಗಿರುವ ಅಂಕಿಪಟ್ಟಿಯವರೆಗೂ ಒಯ್ಯಬೇಕು. ಅಕ್ಷರ ಕಲಿತರೆ ಸಾಲದು. ಅಕ್ಷರಗಳ ಪಟ್ಟಿ ಬರೆಯುವ ಮೇಜಿನ ಸುತ್ತ ಯಾರು ಕೂತಿದ್ದಾರೆ, ಯಾರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ ಅನ್ನೋದನ್ನೂ ನಾವು ಕೇಳಬೇಕಾಗಿದೆ.