ಯಂತ್ರಯುಗದಲ್ಲಿ ಕಲಾಶಿಕ್ಷಣವು ಬೆಳೆದು ಬಂದ ಬಗೆ

ಕಲೆಗೂ ಉಪಕರಣಕ್ಕೂ ಇರುವ ಸಂಬಂಧವು ಇಂದುನಿನ್ನೆಯದಲ್ಲ. ಉಳಿಯಿಲ್ಲದೆ ಶಿಲ್ಪವಿಲ್ಲ, ಮಗ್ಗವಿಲ್ಲದೆ ನೇಯ್ಗೆಯಿಲ್ಲ, ಲೇಖನಿಯ ಮೊನೆಯು ಬದಲಾದರೆ ಅಕ್ಷರದ ಮಾಟವೂ ಬದಲಾಗುವದು. ಆದರೆ ಉಳಿಯೂ ಮಗ್ಗವೂ ಶಿಷ್ಯನಿಗೆ ಗುರುವಿನ ಕೈಯಿಂದಲೇ ಬಂದವು. ಅವುಗಳ ಗುಣದೋಷಗಳು ಅನೇಕ ತಲೆಮಾರುಗಳ ಅನುಭವದಿಂದ ನಿಶ್ಚಿತವಾಗಿದ್ದವು. ಛಾಯಾಚಿತ್ರದ ಪೆಟ್ಟಿಗೆ, ಚಲಚ್ಚಿತ್ರ, ವಿದ್ಯುದ್ದೀಪ, ಗಣಕಯಂತ್ರ ಮೊದಲಾದವುಗಳ ಮಾತು ಹಾಗಲ್ಲ. ಗುರುವು ಅವುಗಳನ್ನು ಕಲಿತು ಮುಗಿಸುವ ಮೊದಲೇ ಅವು ಶಿಷ್ಯನ ಕೈಗೆ ಬಂದುಬಿಡುತ್ತವೆ. ಹೀಗಿರಲು ಗುರುವು ಕಲಿಸತಕ್ಕದ್ದೇನು? ಯಂತ್ರವನ್ನು ನಡೆಸುವ ಬಗೆಯನ್ನೋ, ಇಲ್ಲವೆ ಅದಕ್ಕಿಂತ ಮಿಗಿಲಾದ ಮತ್ತೊಂದನ್ನೋ?

ಈ ಪ್ರಶ್ನೆಯನ್ನು ತನ್ನ ಜೀವನದ ಪ್ರಶ್ನೆಯನ್ನಾಗಿ ಮಾಡಿಕೊಂಡ ವಿದ್ಯಾಲಯವೊಂದು ಜರ್ಮನಿ ದೇಶದಲ್ಲಿತ್ತು. ಅದರ ಹೆಸರು ಬೌಹೌಸ್. ಅದು ಬಾಳಿದ್ದು ಕೇವಲ ೧೪ ವರ್ಷ. ಆದರೂ ಆ ವಿದ್ಯಾಲಯದ ಶಿಷ್ಯಪ್ರಶಿಷ್ಯರ ಸಾಲು ಖಂಡಾಂತರಗಳನ್ನು ದಾಟಿ ನಮ್ಮ ದೇಶದ ವರೆಗೂ ಬಂದಿರುತ್ತದೆ. ವಿದ್ಯಾದಾನದಲ್ಲಿ ಆಸ್ಥೆಯುಳ್ಳ ವಾಚಕರಿಗೆ ಈ ಪರಂಪರೆಯ ಚರಿತ್ರೆಯು ಉಪಯುಕ್ತವಾದೀತೆಂದು ಭಾವಿಸಿ ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಒಂದನೆಯ ಮಹಾಯುದ್ಧವು ಮುಗಿದ ಮರುವರ್ಷ, ಅಂದರೆ ೧೯೧೯ರ ಏಪ್ರಿಲ್ ತಿಂಗಳಲ್ಲಿ, ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಗಳು ವೈಮಾರ್ ಪಟ್ಟಣದಲ್ಲಿ ಈ ವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿದ್ದ ಲಲಿತಕಲೆಯ ಶಾಲೆಯನ್ನೂ ಕೈಕಸಬಿನ ಶಾಲೆಯನ್ನೂ ಕೂಡಿಸಿ ಒಂದನ್ನಾಗಿ ಮಾಡಿದ್ದೇ ಅವರ ಮೊದಲ ಕಾರ್ಯ. ಚಿತ್ರಕಾರನು ಮೇಲು, ಬಡಿಗನು ಕೀಳು ಎಂಬ ಭೇದವು ಅಳಿಯಬೇಕು. ಕಲಾವಿದರೆಲ್ಲರೂ ಕಸಬಿಗೆ ಮರಳಬೇಕು ಎಂಬದು ಅವರ ಘೋಷಣೆಯ ಸಾರಾಂಶವಾಗಿತ್ತು. ಆ ಘೋಷಣಾಪತ್ರದ ಮೇಲೆ ಮುದ್ರಿತವಾದದ್ದು ಮರದ ಅಚ್ಚಿನಿಂದ ತೆಗೆದ ಒಂದು ಮಹಾದೇವಾಲಯದ ಚಿತ್ರ. ಆಗಿನ್ನೂ ಯಂತ್ರದ ಮಾತು ಅಲ್ಲಿ ಪ್ರಧಾನವಾಗಿರಲಿಲ್ಲ. ಹೊಸ ವಿದ್ಯಾರ್ಥಿಗಳ ಪ್ರಾರಂಭದ ಪಾಠಕ್ರಮವನ್ನು ನಡೆಯಿಸುತ್ತಿದ್ದವರು ಯೋಹಾನೆಸ್ ಇಟ್ಟೆನ್ ಎಂಬವರು. ಪಾಠಕ್ಕೆ ಮೊದಲು ಉಸಿರಾಟದ ಅಭ್ಯಾಸ, ಮನಸ್ಸಿನ ಏಕಾಗ್ರತೆ, ಆ ತರುವಾಯ ರೇಖೆ ಮತ್ತು ವರ್ಣ, ಹೀಗೆ ಅವರ ಕ್ರಮ. ಇದೇ ಕಾಲದಲ್ಲಿ, ೧೯೨೨ರ ಡಿಸೆಂಬರಿನಲ್ಲಿ, ವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ಅವರ ಪ್ರಯತ್ನದಿಂದ ಇಟ್ಟೆನ್, ಪಾಲ್ ಕ್ಲೇ, ಕಾಂಡಿನ್‌ಸ್ಕಿ ಮೊದಲಾದವರ ಕೃತಿಗಳು ಕಲಕತ್ತೆಯಲ್ಲಿ ಪ್ರದರ್ಶಿತವಾದ ಸಂಗತಿಯನ್ನು ಇಲ್ಲಿ ಸ್ಮರಿಸತಕ್ಕದ್ದು.

೧೯೨೩ರಲ್ಲಿ ವಿದ್ಯಾಲಯದ ದಾರಿಯು ಹೊರಳಿತು. ದೇಶವೆಲ್ಲ ಕಾರಖಾನೆಗಳ ವಶವಾಗುತ್ತಿರುವಾಗ ಕೈಕಸಬನ್ನು ಮಾತ್ರ ನಂಬಿ ಕುಳಿತರೆ ವಿದ್ಯಾರ್ಥಿಯು ತನ್ನ ಕಾಲಕ್ಕೆ ಪರಕೀಯನಾಗುವನೆಂದು ಗ್ರೋಪಿಯಸ್ಸರಿಗೆ ತೋರಿತು. ಇಟ್ಟೆನ್ನರು ಇದಕ್ಕೆ ಒಪ್ಪದೆ ವಿದ್ಯಾಲಯವನ್ನು ಬಿಟ್ಟರು. ಆ ವರ್ಷದ ಪ್ರದರ್ಶನದಲ್ಲಿ ಕಲೆ ಮತ್ತು ಯಂತ್ರವಿದ್ಯೆಗಳ ಐಕ್ಯವೇ ಹೊಸ ಧ್ಯೇಯವೆಂದು ಗ್ರೋಪಿಯಸ್ಸರು ಸಾರಿದರು. ಇಟ್ಟೆನ್ನರ ಸ್ಥಾನಕ್ಕೆ ಬಂದವರು ಹಂಗೇರಿ ದೇಶದ ಲಾಸ್ಲೋ ಮೊಹೋಲಿ-ನಾಡ್ಯ್ ಎಂಬ ತರುಣರು. ಅವರೊಡನೆ ಅದೇ ವಿದ್ಯಾಲಯದಲ್ಲಿ ಕಲಿತ ಯೋಸೆಫ್ ಆಲ್ಬರ್ಸ್ ಎಂಬವರು ಪ್ರಾರಂಭದ ಪಾಠವನ್ನು ಹಂಚಿಕೊಂಡರು. ಮುಂದಿನ ಪರಂಪರೆಯ ಎರಡು ಶಾಖೆಗಳಿಗೆ ಇವರಿಬ್ಬರೇ ಮೂಲಪುರುಷರು.

ಇವರು ಕಲಿಸಿದ ಬಗೆಯನ್ನು ವಿಚಾರಿಸಿ ನೋಡಿದರೆ ಒಂದು ಸೋಜಿಗವು ಕಾಣುವದು. ಯಂತ್ರದ ಪಕ್ಷವನ್ನು ವಹಿಸಿದ ಈ ಗುರುಗಳು ವಿದ್ಯಾರ್ಥಿಗೆ ಮೊದಲು ಯಂತ್ರವನ್ನು ಕೊಡಲಿಲ್ಲ. ಆಲ್ಬರ್ಸರು ಒಂದು ಹಾಳೆ ಕಾಗದವನ್ನು ಕೊಟ್ಟು, ಅದರಲ್ಲಿ ಚೂರೂ ವ್ಯರ್ಥವಾಗದಂತೆ ಏನನ್ನಾದರೂ ನಿರ್ಮಿಸಿರೆಂದು ಹೇಳುತ್ತಿದ್ದರು. ಕಾಗದವನ್ನು ಮಡಚಿದರೆ ಅದು ತಾನಾಗಿ ನಿಲ್ಲುವ ಬಲವನ್ನು ಪಡೆಯುವದೆಂಬದನ್ನು ವಿದ್ಯಾರ್ಥಿಯು ಕೈಯಿಂದ ಕಂಡುಕೊಳ್ಳಬೇಕು. ಮೊಹೋಲಿ-ನಾಡ್ಯ್ ಅವರು ಒರಟಾದ ವಸ್ತುವಿನಿಂದ ನುಣುಪಾದ ವಸ್ತುವಿನ ವರೆಗೆ ಕ್ರಮವಾಗಿ ಜೋಡಿಸಿದ ಸ್ಪರ್ಶಫಲಕಗಳನ್ನು ಮಾಡಿಸುತ್ತಿದ್ದರು. ಇದರ ಅಭಿಪ್ರಾಯವು ಸ್ಪಷ್ಟವಾಗಿದೆ: ವಸ್ತುವಿನ ಸ್ವಭಾವವನ್ನು ತಿಳಿಯದವನು ಯಂತ್ರವನ್ನು ಹಿಡಿದರೆ ಯಂತ್ರವು ಹೇಳಿದ್ದನ್ನು ಮಾಡುವನೇ ಹೊರತು ತಾನು ಎಣಿಸಿದ್ದನ್ನು ಮಾಡಲಾರನು.

ಆ ಬಳಿಕ ಯಂತ್ರವನ್ನೂ ಅವರು ಇದೇ ದೃಷ್ಟಿಯಿಂದ ಪರೀಕ್ಷಿಸಿದರು. ಛಾಯಾಚಿತ್ರಕ್ಕೆ ಪೆಟ್ಟಿಗೆಯು ಅವಶ್ಯವೇ ಎಂದು ಕೇಳಿ, ಪೆಟ್ಟಿಗೆಯಿಲ್ಲದೆ ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆಯೇ ವಸ್ತುಗಳನ್ನಿಟ್ಟು ಬೆಳಕಿನ ಚಿತ್ರಗಳನ್ನು ತೆಗೆದರು. ಕಲಾವಿದನ ಕೈ ಸೋಂಕದೆ ಚಿತ್ರವಾಗಬಲ್ಲದೇ ಎಂದು ಕೇಳಿ, ೧೯೨೩ರಲ್ಲಿ ನಾಮಫಲಕಗಳ ಕಾರಖಾನೆಯೊಂದರಲ್ಲಿ ಒಂದೇ ಚಿತ್ರವನ್ನು ಮೂರು ಅಳತೆಗಳಲ್ಲಿ ಎನಾಮಲ್ ತಗಡಿನ ಮೇಲೆ ಮಾಡಿಸಿದರು. ದೂರವಾಣಿಯ ಮೂಲಕವೇ ಸೂಚನೆಯನ್ನು ಕೊಟ್ಟೆನೆಂದು ಅವರು ಮುಂದೆ ಬರೆದರು. ಅವರ ಪತ್ನಿಯಾಗಿದ್ದ ಲೂಸಿಯಾ ಮೊಹೋಲಿಯವರು ಈ ಸಂಗತಿಯನ್ನು ಬೇರೆ ಬಗೆಯಾಗಿ ನೆನೆದರು. ಅದು ಹೇಗೇ ಇರಲಿ, ಸೂಚನೆಯನ್ನು ಬರೆದವನೂ ಕಲಾವಿದನಾಗಬಲ್ಲನೇ ಎಂಬ ಪ್ರಶ್ನೆಯು ಅಂದು ಹುಟ್ಟಿತು. ಇಂದಿಗೂ ಅದು ಮುಗಿದಿಲ್ಲ.

ಆದರೆ ಈ ವಿದ್ಯಾಲಯವು ತನ್ನ ಮಾತಿಗೆ ತಕ್ಕಂತೆ ಎಲ್ಲೆಡೆಯಲ್ಲಿಯೂ ನಡೆಯಿತೆಂದು ಹೇಳುವದು ಸತ್ಯಕ್ಕೆ ದೂರವಾದೀತು. ಸ್ತ್ರೀಯರಿಗೆ ಪ್ರವೇಶವಿತ್ತು, ಆದರೆ ಅವರಲ್ಲಿ ಹೆಚ್ಚಿನವರನ್ನು ನೇಯ್ಗೆಯ ಶಾಲೆಗೇ ಕಳುಹಿಸುತ್ತಿದ್ದರು. ಗಾಜಿನ ಕೆಲಸವನ್ನು ಬಯಸಿ ಬಂದ ಆನಿ ಆಲ್ಬರ್ಸರಿಗೆ ಮಗ್ಗವೇ ಗತಿಯಾಯಿತು. ಆ ತಾಯಿಯು ಆ ಮಗ್ಗದಲ್ಲಿಯೇ ಹತ್ತಿಯ ನೂಲಿನೊಡನೆ ಸೆಲ್ಲೋಫೇನನ್ನು ನೇಯ್ದು, ಒಂದು ಮಗ್ಗುಲಲ್ಲಿ ಬೆಳಕನ್ನು ಪ್ರತಿಫಲಿಸುವ, ಇನ್ನೊಂದು ಮಗ್ಗುಲಲ್ಲಿ ಶಬ್ದವನ್ನು ಹೀರಿಕೊಳ್ಳುವ ಗೋಡೆಯ ವಸ್ತ್ರವನ್ನು ಸಿದ್ಧಪಡಿಸಿ ೧೯೩೦ರಲ್ಲಿ ಪದವಿಯನ್ನು ಪಡೆದರು. ಮರಿಯಾನ್ನೆ ಬ್ರಾಂಟ್ ಎಂಬವರು ಪುರುಷರ ನಡುವೆ ಲೋಹದ ಕಮ್ಮಟವನ್ನು ಸೇರಿ, ಕಾರಖಾನೆಗಳು ಸಾವಿರಗಟ್ಟಲೆ ತಯಾರಿಸಿದ ದೀಪಗಳಿಗೆ ರೂಪವನ್ನು ಕೊಟ್ಟರು. ಲೂಸಿಯಾ ಮೊಹೋಲಿಯವರ ಕಥೆಯಂತೂ ಇನ್ನೂ ಮನಮುಟ್ಟುವಂಥದು. ವಿದ್ಯಾಲಯದ ಕಟ್ಟಡಗಳನ್ನೂ ವಸ್ತುಗಳನ್ನೂ ಲೋಕವು ಇಂದು ಕಾಣುವದು ಬಹುಮಟ್ಟಿಗೆ ಅವರ ಛಾಯಾಚಿತ್ರಗಳ ಮೂಲಕ. ೧೯೩೩ರಲ್ಲಿ ನಾಜಿಗಳ ಭಯದಿಂದ ಬರ್ಲಿನ್ನನ್ನು ಬಿಟ್ಟು ಓಡಬೇಕಾದಾಗ ತಮ್ಮ ಗಾಜಿನ ನೆಗೆಟಿವ್‌ಗಳನ್ನು ಅವರು ಅಲ್ಲಿಯೇ ಬಿಟ್ಟರು. ಅವು ಗ್ರೋಪಿಯಸ್ಸರ ವಶಕ್ಕೆ ಬಂದು, ತೆಗೆದವರ ಹೆಸರಿಲ್ಲದೆ ಅನೇಕ ವರ್ಷ ಮುದ್ರಣವಾದವು. ವಕೀಲರ ಮುಖಾಂತರ ಹೋರಾಡಿ, ೧೯೫೭ರಲ್ಲಿ ಅವುಗಳಲ್ಲಿ ಒಂದು ಭಾಗವನ್ನು ಮಾತ್ರ ಅವರು ಮರಳಿ ಪಡೆದರು. ಯಂತ್ರವು ಚಿತ್ರವನ್ನು ಸುಲಭವಾಗಿ ಹೆಚ್ಚಿಸುವದು. ಅಷ್ಟೇ ಸುಲಭವಾಗಿ ಚಿತ್ರಕಾರನ ಹೆಸರನ್ನು ಅಳಿಸುವದು. ಕಲಾಶಾಲೆಯಲ್ಲಿ ಕಲಿಸತಕ್ಕ ಪಾಠಗಳಲ್ಲಿ ಇದೂ ಒಂದು.

ವಿದ್ಯಾಲಯದ ಬಾಳು ನೆಮ್ಮದಿಯದಾಗಿರಲಿಲ್ಲ. ಸರಕಾರದ ಸಹಾಯಧನವು ಕುಂದಿದ್ದರಿಂದ ೧೯೨೫ರಲ್ಲಿ ಅದು ವೈಮಾರನ್ನು ಬಿಟ್ಟು ಡೆಸ್ಸೌ ನಗರಕ್ಕೆ ಹೋಯಿತು. ನಾಜಿಗಳು ಪ್ರಬಲರಾದ ಅಲ್ಲಿಯ ನಗರಸಭೆಯು ೧೯೩೨ರಲ್ಲಿ ಅದನ್ನು ಮುಚ್ಚಿತು. ಬರ್ಲಿನ್ನಿನಲ್ಲಿ ಮತ್ತೆ ತೆರೆದ ಶಾಲೆಗೆ ೧೯೩೩ರ ಏಪ್ರಿಲಿನಲ್ಲಿ ಪೋಲೀಸರು ಬಂದು ಬೀಗಹಾಕಿದರು. ಜುಲೈ ತಿಂಗಳಲ್ಲಿ ಅಧ್ಯಾಪಕರು ತಾವೇ ಕೂಡಿ ವಿದ್ಯಾಲಯವನ್ನು ವಿಸರ್ಜಿಸಿದರು. ಕಟ್ಟಡವು ಹೋಯಿತು, ಯಂತ್ರಗಳು ಹೋದವು. ಕಲಿಸುವ ಬಗೆಯೊಂದೇ ಗುರುಗಳ ಕೂಡ ಹಡಗನ್ನೇರಿತು.

ಅದೇ ವರ್ಷ ಯೋಸೆಫ್ ಮತ್ತು ಆನಿ ಆಲ್ಬರ್ಸ್ ದಂಪತಿಗಳು ಅಮೇರಿಕೆಯ ಉತ್ತರ ಕೆರೋಲಿನಾ ಪ್ರಾಂತದಲ್ಲಿ ಹೊಸದಾಗಿ ತೆರೆದ ಬ್ಲ್ಯಾಕ್ ಮೌಂಟನ್ ಕಾಲೇಜನ್ನು ಸೇರಿದರು. ಅಲ್ಲಿ ೧೯೪೮ರಲ್ಲಿ ಅವರ ಶಿಷ್ಯನಾಗಿ ಬಂದವರು ರಾಬರ್ಟ್ ರೌಶೆನ್‌ಬರ್ಗ್. ಗುರುವಿನ ಕಟ್ಟುನಿಟ್ಟಿಗೂ ಶಿಷ್ಯನ ಸ್ವೇಚ್ಛೆಗೂ ಹೊಂದಾಣಿಕೆಯಾಗಲಿಲ್ಲ. ಆದರೂ ವಸ್ತುವಿನ ಸ್ವಭಾವವನ್ನು ವಿಚಾರಿಸುವ ಬುದ್ಧಿಯು ಶಿಷ್ಯನಲ್ಲಿ ನೆಲೆಸಿತು. ೧೯೬೬ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಮಂದಿ ಕಲಾವಿದರೂ ಸುಮಾರು ಮೂವತ್ತು ಮಂದಿ ಇಂಜಿನಿಯರರೂ ಕೂಡಿ ಪ್ರಯೋಗಗಳನ್ನು ನಡೆಯಿಸಿದರು. ಇಂಜಿನಿಯರರ ಮುಖಂಡರು ಬೆಲ್ ಪ್ರಯೋಗಾಲಯದ ಬಿಲ್ಲಿ ಕ್ಲೂವರ್. ರೌಶೆನ್‌ಬರ್ಗರ ಪ್ರಯೋಗದಲ್ಲಿ ಇಬ್ಬರು ಟೆನಿಸ್ ಆಡುವರು. ಚೆಂಡು ತಾಗಿದ ಪ್ರತಿಯೊಂದು ಪೆಟ್ಟಿಗೂ ದೊಡ್ಡ ಧ್ವನಿಯೊಂದು ಕೇಳಿ ದೀಪವೊಂದು ಆರುವದು. ಕಡೆಗೆ ಕತ್ತಲೆಯಲ್ಲಿ ನಿಂತ ಸುಮಾರು ಐನೂರು ಜನರನ್ನು ಪ್ರೇಕ್ಷಕರು ಕಣ್ಣಿನಿಂದ ಕಾಣದೆ, ಕತ್ತಲೆಯಲ್ಲಿಯೂ ಕಾಣಬಲ್ಲ ಕ್ಯಾಮೆರಾದ ಪರದೆಯ ಮೇಲೆ ಮಾತ್ರ ಕಂಡರು. ಎದುರಿಗಿದ್ದ ಮನುಷ್ಯನನ್ನು ಯಂತ್ರದ ಮೂಲಕವೇ ನೋಡಬೇಕಾದ ಕಾಲವೊಂದು ಬರುತ್ತಲಿದೆ ಎಂಬದನ್ನು ಇದಕ್ಕಿಂತ ಸರಳವಾಗಿ ತೋರಿಸುವದು ಕಷ್ಟ.

ಇನ್ನೊಂದು ಶಾಖೆಯು ಮೊಹೋಲಿ-ನಾಡ್ಯ್ ಅವರದು. ೧೯೩೭ರಲ್ಲಿ ಅವರು ಶಿಕಾಗೋ ನಗರದಲ್ಲಿ ಹೊಸ ಬೌಹೌಸನ್ನು ತೆರೆದರು. ಹಣವಿಲ್ಲದೆ ಅದು ಮರುವರ್ಷವೇ ಮುಚ್ಚಿತು. ಧೈರ್ಯಗುಂದದೆ ೧೯೩೯ರಲ್ಲಿ ಮತ್ತೊಂದು ಶಾಲೆಯನ್ನು ಕಟ್ಟಿ, ೧೯೪೬ರಲ್ಲಿ ತೀರಿಕೊಳ್ಳುವ ವರೆಗೂ ಅದನ್ನು ನಡೆಯಿಸಿದರು. ತಯಾರಾಗುವ ವಸ್ತುವಲ್ಲ, ಮನುಷ್ಯನೇ ಶಿಕ್ಷಣದ ಗುರಿ ಎಂಬದು ಅವರ ಅಂತಿಮ ಸಿದ್ಧಾಂತವಾಗಿತ್ತು. ಅಲ್ಲಿ ಬೆಳಕು ಮತ್ತು ವರ್ಣಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅವರ ದೇಶಬಂಧು ಜಾರ್ಜ್ ಕೆಪೆಶ್ ಎಂಬವರು ತರುವಾಯ ಮೆಸ್ಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಹೋಗಿ, ೧೯೬೭ರಲ್ಲಿ ಕಲಾವಿದರೂ ವಿಜ್ಞಾನಿಗಳೂ ಒಟ್ಟಿಗೆ ದುಡಿಯುವ ಒಂದು ಕೇಂದ್ರವನ್ನು ಸ್ಥಾಪಿಸಿದರು.

ಈ ಕೇಂದ್ರಕ್ಕೆ ಬೇಗನೆ ಒಂದು ಸತ್ವಪರೀಕ್ಷೆಯು ಒದಗಿತು. ೧೯೬೯ರಲ್ಲಿ ಬ್ರಾಜಿಲ್ ದೇಶದ ಸಾವೊ ಪೌಲೋದಲ್ಲಿ ಜರುಗಲಿದ್ದ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ ಕೆಪೆಶರು ಕೃತಿಗಳನ್ನು ಸಜ್ಜುಗೊಳಿಸಿದಾಗ, ಆ ದೇಶದ ಸೈನಿಕ ಪ್ರಭುತ್ವವನ್ನು ಪ್ರತಿಭಟಿಸಿ ಹಲವು ಕಲಾವಿದರು ಹಿಂದೆ ಸರಿದರು; ಅಮೇರಿಕೆಯ ಪ್ರದರ್ಶನವು ನಿಂತುಹೋಯಿತು. ಯಂತ್ರವಿದ್ಯೆಯ ಹಣವು ಎಲ್ಲಿಂದ ಬರುವದು, ಕಲೆಯ ಸೊಬಗು ಯಾರ ಕೀರ್ತಿಗೆ ಹೊದಿಕೆಯಾಗುವದು ಎಂಬ ಪ್ರಶ್ನೆಯಿಂದ ಕಲಾಶಾಲೆಯು ತಪ್ಪಿಸಿಕೊಳ್ಳಲಾರದೆಂದು ಆಗ ಸಿದ್ಧವಾಯಿತು.

ಅದೇ ವಿದ್ಯಾಲಯದಲ್ಲಿ ಮ್ಯೂರಿಯಲ್ ಕೂಪರ್ ಎಂಬ ಮಹಿಳೆಯು ಮುದ್ರಣಕಲೆಯಿಂದ ಗಣಕಯಂತ್ರಕ್ಕೆ ಸೇತುವೆಯನ್ನು ಕಟ್ಟಿದರು. ೧೯೬೯ರಲ್ಲಿ ಬೌಹೌಸಿನ ಚರಿತ್ರೆಯ ಬೃಹದ್ಗ್ರಂಥದ ಇಂಗ್ಲಿಷ್ ಆವೃತ್ತಿಗೆ ರೂಪವನ್ನು ಕೊಟ್ಟವರೂ ಅವರೇ. ಅವರ ಕೃತಿಗಳಿಂದ ಪ್ರೇರಣೆಯನ್ನು ಪಡೆದ ಜಾನ್ ಮಾಯೆಡಾ ಅವರು ಅಲ್ಲಿ ಕಲಿಸುವಾಗ, ಇತರರು ಮಾಡಿಟ್ಟ ಸಾಧನವನ್ನು ಒತ್ತುವದಷ್ಟೇ ಸಾಲದು, ಗಣಕಯಂತ್ರಕ್ಕೆ ಕೊಡುವ ಸೂಚನೆಗಳನ್ನು ಕಲಾವಿದ್ಯಾರ್ಥಿಯು ತಾನೇ ಬರೆಯಬೇಕೆಂದು ಬೋಧಿಸಿದರು. ಅವರ ಶಿಷ್ಯರಾದ ಕೇಸಿ ರೀಸ್ ಮತ್ತು ಬೆನ್ ಫ್ರೈ ಎಂಬವರು ೨೦೦೧ರಲ್ಲಿ ‘ಪ್ರೊಸೆಸಿಂಗ್’ ಎಂಬ ಸಾಧನವನ್ನು ರಚಿಸಿ, ಯಾರೂ ಹಣ ಕೊಡದೆ ಬಳಸುವಂತೆ ಲೋಕಕ್ಕೆ ಬಿಟ್ಟರು. ಅದರಲ್ಲಿ ವಿದ್ಯಾರ್ಥಿಯು ಎರಡು ಸಾಲು ಬರೆದರೆ ಪರದೆಯ ಮೇಲೆ ಒಂದು ಗೆರೆ ಮೂಡುವದು. ಸಾಲನ್ನು ತಿದ್ದಿದರೆ ಗೆರೆಯು ಬದಲಾಗುವದು. ಇದು ಆಲ್ಬರ್ಸರ ಕಾಗದದ ಪಾಠವೇ ಅಲ್ಲವೇ? ವಸ್ತುವು ಬೇರೆ, ಪಾಠವು ಅದೇ. ಕೆಪೆಶರು ತಮ್ಮ ೯೫ನೆಯ ವಯಸ್ಸಿನಲ್ಲಿ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

ನಮ್ಮ ದೇಶಕ್ಕೂ ಈ ಪರಂಪರೆಯ ನೀರು ಹರಿದು ಬಂದಿದೆ. ೧೯೫೮ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ನಮ್ಮ ಲೋಟೆಯನ್ನು, ಅಂದರೆ ಸಾಮಾನ್ಯವಾದ ತಂಬಿಗೆಯನ್ನು, ಉತ್ತಮ ರೂಪರಚನೆಯ ನಿದರ್ಶನವೆಂದು ಎತ್ತಿ ಹೇಳಿದರು. ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ನ್ಯೂಯಾರ್ಕಿನ ಆ ಪ್ರಯೋಗಗಳಲ್ಲಿ ಭಾಗವಹಿಸಿದ್ದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ೧೯೬೯ರಲ್ಲಿ ಈ ಸಂಸ್ಥೆಗೆ ಬಂದು, ಮೂಗ್ ಎಂಬ ವಿದ್ಯುನ್ಮಾನ ವಾದ್ಯದೊಡನೆ ಧ್ವನಿಪ್ರಯೋಗಾಲಯವನ್ನು ಅಣಿಗೊಳಿಸಿದರು. ಹಿಂದೂಸ್ತಾನಿ ಸಂಗೀತವನ್ನು ಬಲ್ಲ ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ರಚನೆಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗಾಲಯವು ನಿಂತಿತು. ಧ್ವನಿಸುರುಳಿಗಳು ಕಪಾಟಿನಲ್ಲಿ ದಶಕಗಳ ವರೆಗೆ ಮಲಗಿದ್ದು, ಈಚಿನ ವರ್ಷಗಳಲ್ಲಿ ಮತ್ತೆ ಜನರ ಕಿವಿಗೆ ಬಿದ್ದಿವೆ. ಯಂತ್ರವನ್ನು ತರುವದು ಸುಲಭ. ಕಲಿಸುವವರ ಸಾಲನ್ನು ಕಡಿಯದೆ ಉಳಿಸುವದು ಕಷ್ಟವೆಂಬದಕ್ಕೆ ಇದು ಸಾಕ್ಷಿಯಾಗಿದೆ.

೨೦೨೨ರಿಂದೀಚೆಗೆ ಕೃತಕ ಬುದ್ಧಿಮತ್ತೆಯೆಂಬ ಹೊಸ ಸಾಧನವು ಮನೆಮನೆಗೆ ಬಂದಿದೆ. ಕೆಲವು ಮಾತುಗಳನ್ನು ಬರೆದರೆ ಅದು ಕ್ಷಣಮಾತ್ರದಲ್ಲಿ ಚಿತ್ರವನ್ನು ತಂದೊಪ್ಪಿಸುವದು. ಅಗಣಿತ ಜನರು ರಚಿಸಿದ ಚಿತ್ರಗಳನ್ನು ಅವರನ್ನು ಕೇಳದೆಯೇ ಅದಕ್ಕೆ ಉಣಿಸಲಾಗಿದೆಯೆಂದು ಅನೇಕ ಕಲಾವಿದರು ನ್ಯಾಯಾಲಯಗಳ ಮೆಟ್ಟಿಲನ್ನು ಹತ್ತಿದ್ದಾರೆ. ಇದರಿಂದ ಕಲೆಯೇ ಮುಗಿಯಿತೆಂದು ಕೆಲವರು ಕಳವಳಗೊಳ್ಳುವರು. ಇನ್ನು ಕಲಿಯುವದೇ ಬೇಡವೆಂದು ಕೆಲವರು ಹಿಗ್ಗುವರು. ಮೇಲೆ ಹೇಳಿದ ಚರಿತ್ರೆಯನ್ನು ಬಲ್ಲವರಿಗೆ ಎರಡೂ ಸಲ್ಲವು. ಸೂಚನೆಯನ್ನು ಬರೆದವನ ಪಾಲೆಷ್ಟು ಎಂಬದು ಎನಾಮಲ್ ತಗಡಿನ ಪ್ರಶ್ನೆ. ಮೂಲ ಚಿತ್ರಕಾರನ ಹೆಸರೆಲ್ಲಿ ಎಂಬದು ಲೂಸಿಯಾ ಮೊಹೋಲಿಯವರ ಪ್ರಶ್ನೆ. ಈ ಸಾಧನವು ಯಾರ ಹಿತಕ್ಕೆ ದುಡಿಯುವದು ಎಂಬದು ಸಾವೊ ಪೌಲೋದ ಪ್ರಶ್ನೆ. ಗುರುವಾದವನು ಹೊಸ ಯಂತ್ರವನ್ನು ಶಿಷ್ಯನಿಗಿಂತ ಮೊದಲು ಕಲಿತಿರಬೇಕೆಂಬ ನಿಯಮವಿಲ್ಲ. ಈ ಪ್ರಶ್ನೆಗಳನ್ನು ಬಿಡದೆ ಕೇಳುವ ಅಭ್ಯಾಸವನ್ನು ಶಿಷ್ಯನಲ್ಲಿ ಬೆಳೆಸಿದರೆ ಸಾಕು.

ಆದ್ದರಿಂದ ನಮ್ಮ ಪಾಠಶಾಲೆಗಳಲ್ಲಿ ಚಿತ್ರಕಲೆಯನ್ನು ಕಲಿಸುವವರು ಗಣಕಯಂತ್ರದ ಕೋಣೆಗೆ ಬೀಗವನ್ನೂ ಹಾಕಬೇಕಾಗಿಲ್ಲ. ಮಣ್ಣು, ಕಾಗದ, ನೂಲುಗಳನ್ನು ಹೊರಗೆ ಎಸೆಯಬೇಕಾಗಿಯೂ ಇಲ್ಲ. ಮೊದಲು ಕೈಯಿಂದ ವಸ್ತುವನ್ನರಿತು, ಬಳಿಕ ಬುದ್ಧಿಯಿಂದ ಯಂತ್ರವನ್ನರಿತು, ಎರಡರಲ್ಲಿಯೂ ಪರರ ಶ್ರಮವನ್ನು ಮರೆಯದ ವಿದ್ಯಾರ್ಥಿಯು ಯಾವ ಕಾಲದ ಯಂತ್ರಕ್ಕೂ ಆಳಾಗಲಾರನು.