ಲಕ್ಷ ಕಿಲೋಮೀಟರ್ ದಾಟಿದ ಕಾರು: ಮನೆಯಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಕೊಂಡ ಮೊದಲ ಕಾರು ಮಾರುತಿ 800. 1983ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಗ್ರಾಹಕರ ಕೈಸೇರಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಮೂರು ಸಿಲಿಂಡರಿನ, 796 ಸಿ.ಸಿ. ಎಂಜಿನಿನ ಈ ಪುಟ್ಟ ಕಾರುಗಳೂ ಇವುಗಳ ಓರಗೆಯ ಇತರ ಕಾರುಗಳೂ ಲಕ್ಷ ಕಿ.ಮೀ. ದಾಟಿದ ಮೇಲೂ ಕೆಲವು ಮನೆಗಳಲ್ಲಿ ಸೇವೆ ಸಲ್ಲಿಸುತ್ತಿವೆ. ನಗರದೊಳಗೆ ತೊಂದರೆ ಕೊಡದ ಕಾರು ರಜೆಯಲ್ಲಿ ಊರಿನ ದಾರಿ ಹಿಡಿದು ಘಟ್ಟವೇರುವಾಗ ಕೈಕೊಡುವುದುಂಟು. ಹಳೆಯ ಕಾರು ಕೆಡುವ ಮುನ್ನ ಬಹುಮಟ್ಟಿಗೆ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಓದಿಕೊಂಡು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಅನಂತರವೇ ಬಿಡಿಭಾಗ ಬದಲಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಮೊದಲು ಸುರಕ್ಷತೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಬೇಕು. ಬರಿಯ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬಾರದು. ಬ್ಯಾಟರಿಯ ತಂತಿಗಳನ್ನು ಬಿಚ್ಚುವಾಗ ಮೊದಲು ನೆಗೆಟಿವ್ ತಂತಿಯನ್ನು ತೆಗೆದು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಸಿ.ಎನ್.ಜಿ. ಅಳವಡಿಸಿದ ಕಾರಿನ ಅನಿಲ ಕೊಳವೆಗಳನ್ನು ಮನೆಯಲ್ಲಿ ಮುಟ್ಟಲೇಬಾರದು.

ಕಾರು ಸ್ಟಾರ್ಟ್ ಆಗದಿದ್ದರೆ

ಸೆಲ್ಫ್ ಹಾಕಿದಾಗ 'ಟಕ್ ಟಕ್' ಎಂಬ ಸದ್ದು ಮಾತ್ರ ಕೇಳಿಬಂದರೆ ಬ್ಯಾಟರಿಯನ್ನು ಮೊದಲು ನೋಡಬೇಕು. ಟರ್ಮಿನಲ್‌ಗಳ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಕೈಗವಸು ತೊಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ ಒರೆಸಿ, ಬಿಗಿಯಾಗಿ ಕೂರಿಸಬೇಕು. ಕೆಲ ಗಂಟೆ ನಿಂತಿದ್ದ ಕಾರಿನ ಬ್ಯಾಟರಿಯಲ್ಲಿ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಇದೆಯೆಂದು ತಿಳಿಯಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಬರಿದಾಗಿದೆ. ಎಂಜಿನ್ ಓಡುತ್ತಿರುವಾಗಲೂ ವೋಲ್ಟೇಜ್ 13.5ರ ಆಸುಪಾಸಿಗೆ ಏರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟಿನಲ್ಲಿ ದೋಷವಿರಬಹುದು. ಅಂಥಲ್ಲಿ ಹೊಸ ಬ್ಯಾಟರಿ ಕೊಂಡರೂ ಫಲವಿಲ್ಲ.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಅಥವಾ ಕಿಡಿಯ ಕೊರತೆಯನ್ನು ಶಂಕಿಸಬೇಕು. ಇಂಜೆಕ್ಷನ್ ವ್ಯವಸ್ಥೆಯ ಕಾರಿನಲ್ಲಿ ಕೀ ತಿರುಗಿಸಿದೊಡನೆ ಪೆಟ್ರೋಲ್ ಪಂಪ್ ಒಂದೆರಡು ಕ್ಷಣ ಗುಂಯ್‌ಗುಡುವುದು ಕೇಳಿಸುತ್ತದೆ. ಕೇಳಿಸದಿದ್ದರೆ ಮೊದಲು ಫ್ಯೂಸ್ ಪರೀಕ್ಷಿಸಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಸೇರುತ್ತಿದೆ.

ಎಂಜಿನ್ ಕಾದರೆ

ಹಳೆಯ ಕಾರನ್ನು ಬೇಗನೆ ಕೊಲ್ಲುವುದು ಶಾಖ. ಸೂಚಿ ಕೆಂಪಿನತ್ತ ಏರಿದೊಡನೆ ಏ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಲೇಬೇಕು. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಕಾಯುತ್ತಿದ್ದು ಓಡುವಾಗ ತಣಿಯುತ್ತಿದ್ದರೆ ಫ್ಯಾನಿನ ದೋಷವಿರುವ ಸಂಭವ ಹೆಚ್ಚು. ವೇಗದಲ್ಲಿ ಅಥವಾ ಏರಿನಲ್ಲಿ ಕಾಯುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿರುವುದು, ಥರ್ಮೋಸ್ಟ್ಯಾಟ್ ಅಥವಾ ವಾಟರ್ ಪಂಪ್ ಕೆಟ್ಟಿರುವುದು ಕಾರಣವಿರಬಹುದು. ಬರಿಯ ಕೊಳವೆಬಾವಿಯ ನೀರು ತುಂಬುತ್ತ ಬಂದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ತಯಾರಕರು ಹೇಳಿದ ಕೂಲಂಟ್ ಬಳಸುವುದೇ ಯುಕ್ತ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆಯೆಂದರ್ಥ. ಅಂಥ ಕಾರನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಹೊಗೆಯ ಬಣ್ಣ

ಚಳಿಯ ಮುಂಜಾನೆಯ ತೆಳು ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿರಬಹುದು. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಕುರುಹು. ನೀಲಿ ಹೊಗೆ ಆಯಿಲ್ ಉರಿಯುವುದರ ಕುರುಹು. ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಕಂಡರೆ ವಾಲ್ವ್ ಸೀಲ್ ಸವೆದಿರಬಹುದು. ಎಕ್ಸಿಲರೇಟರ್ ಒತ್ತಿದಾಗಲೆಲ್ಲ ಕಂಡರೆ ಪಿಸ್ಟನ್ ರಿಂಗ್ ಸವೆದಿರುವ ಶಂಕೆ. ಗ್ಯಾರೇಜಿನಲ್ಲಿ ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಸಂದೇಹ ಬಗೆಹರಿಯುತ್ತದೆ.

ಮೆಕ್ಯಾನಿಕರಿಗೇ ಬಿಡಬೇಕಾದುದು

ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ, ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಅಥವಾ ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ ಮನೆಯಲ್ಲಿ ಪ್ರಯೋಗ ಮಾಡಕೂಡದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕ್ ಕಾದು ಸೋಲುವುದು ತಪ್ಪುತ್ತದೆ. ಪ್ರಯಾಣಕ್ಕೆ ಮುನ್ನ ಸ್ಟೆಪ್ನಿಯ ಗಾಳಿಯನ್ನೂ ಪರೀಕ್ಷಿಸುವುದನ್ನು ಮರೆಯಬಾರದು.

ಖರ್ಚು ಮಾಡುವ ಮುನ್ನ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅನಂತರ ತಪಾಸಣೆಯಲ್ಲಿ ಉತ್ತೀರ್ಣವಾದರೆ 5 ವರ್ಷಗಳಿಗೆ ನವೀಕರಣ ದೊರೆಯುತ್ತದೆ. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ ಈ ವಿಷಯದಲ್ಲಿ ಹೊಸ ಆದೇಶಗಳೂ ಬಂದಿರುವುದರಿಂದ, ಅಲ್ಲಿನ ಬಂಧುಗಳು ಎಂಜಿನಿಗೆ ಹಣ ಸುರಿಯುವ ಮುನ್ನ ಚಾಲ್ತಿಯಲ್ಲಿರುವ ನಿಯಮವನ್ನು ವಿಚಾರಿಸಿಕೊಳ್ಳುವುದು ಉಚಿತ.

ಕಾರಿನಲ್ಲೊಂದು ಪುಸ್ತಕವಿಟ್ಟು ಆಯಿಲ್ ಬದಲಿಸಿದ ದಿನ, ಆಗಿನ ಕಿ.ಮೀ., ಹಾಕಿಸಿದ ಬಿಡಿಭಾಗ, ಕಂಡ ದೋಷ ಇವನ್ನು ಬರೆದಿಡುವಂತೆ ಓದುಗರಲ್ಲಿ ನಮ್ಮ ವಿನಂತಿ. ದೋಷ ಯಾವಾಗ, ಹೇಗೆ ಕಾಣಿಸಿತೆಂದು ಖಚಿತವಾಗಿ ಹೇಳಬಲ್ಲವರ ಕಾರು ಗ್ಯಾರೇಜಿನಿಂದ ಬೇಗ ಹೊರಬರುತ್ತದೆ, ಬಿಲ್ಲಿನ ಭಾರವೂ ತಗ್ಗುತ್ತದೆ.