ಕೆಲಸದ ಕೊಂಡಿ

ಯೋಜನಾ ನಿರ್ವಹಣೆಯ ತಂತ್ರಾಂಶದಲ್ಲಿ ಒಂದು ಕೆಲಸದ ದಾಖಲೆಯನ್ನು ಅದಕ್ಕೆ ಸಂಬಂಧಪಟ್ಟ ಇನ್ನೊಂದಕ್ಕೆ ಜೋಡಿಸುವ ಏರ್ಪಾಡು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನಡುವೆ ಕುಣಿಕೆಗಳು ಬೀಳುತ್ತವೆ. ಎರಡೂ ಬೇರೆಯಾಗಿಯೇ ಉಳಿದು ಒಂದೇ ಬಟ್ಟೆಯಾಗುತ್ತವೆ. ಕೆಲಸದ ದಾಖಲೆಗಳ ಜೋಡಣೆಯೂ ಅಂಥದ್ದೇ.

ಅಟ್ಲಾಸಿಯನ್ ಸಂಸ್ಥೆ 2002ರಲ್ಲಿ ಹೊರತಂದ ಜಿರಾ ಎಂಬ ಇಂಥ ತಂತ್ರಾಂಶದಲ್ಲಿ 'ತಡೆಯುತ್ತದೆ', 'ನಕಲು', 'ಸಂಬಂಧಿಸಿದೆ' ಮುಂತಾದ ಕೊಂಡಿಗಳಿವೆ. ಮೊದಲು ಇವನ್ನು ಹೆಚ್ಚಾಗಿ ಕೈಯಾರೆ ಹಾಕುತ್ತಿದ್ದರು. ಎಐ ಸಂಸ್ಥೆ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಂಥ ಮಾನದಂಡಗಳ ಮೂಲಕ ಈಗ ಎಐ ಏಜೆಂಟ್‌ಗಳೂ ಹಾಕಬಲ್ಲವು. ಏಜೆಂಟ್ ಮೊದಲು ದಾಖಲೆಗಳನ್ನು ಹುಡುಕುತ್ತದೆ. ಬಳಿಕ ಎರಡು ದಾಖಲೆಗಳ ಸಂಖ್ಯೆ ಮತ್ತು ಕೊಂಡಿಯ ಬಗೆಯನ್ನು ಕೊಂಡಿ ಹಾಕುವ ಉಪಕರಣಕ್ಕೆ ಒಪ್ಪಿಸುತ್ತದೆ.

ಕೆಲವು ಕೊಂಡಿಗಳಿಗೆ ದಿಕ್ಕಿದೆ. ನೂಲಿಗೆ ಬಣ್ಣ ಹಾಕುವ ಕೆಲಸ 12, ನೇಯ್ಗೆ 15 ಎಂದಿಟ್ಟುಕೊಂಡರೆ, 12 ಮುಗಿಯದೆ 15 ಆರಂಭವಾಗದು. ಅಂದರೆ 12 ತಡೆಯುವುದು, 15 ತಡೆಗೊಳಗಾದದ್ದು. ಏಜೆಂಟ್ ಇದನ್ನು ತಿರುವುಮುರುವು ಮಾಡಿದರೂ ತಂತ್ರಾಂಶ ದೋಷ ತೋರಿಸದೆ ಒಪ್ಪಿಕೊಳ್ಳಬಹುದು. ಹೆಸರು ಹೋಲುವುದರಿಂದಲೇ ಎರಡನ್ನು ನಕಲೆಂದು ಗುರುತಿಸುವ ತಪ್ಪೂ ಆಗುತ್ತದೆ. ಆದ್ದರಿಂದ ಕೊಂಡಿ ಬೀಳುವ ಮುನ್ನ ಮನುಷ್ಯರ ಒಪ್ಪಿಗೆ ಪಡೆಯುವುದು ಒಳ್ಳೆಯ ರೂಢಿ.